ಪ್ರತಿಕ್ರಿಯೆ: ಅಜ್ಜನ ಟ್ರಂಕಿನ ಕಪ್ಪು ಹಾಳೆಗಳು

ಹಾಳೆಗಳ ಮೇಲಿನ ಕಪ್ಪು ಬೂಷ್ಟಾ ಅಂತ ಕೇಳಿದ್ದಿರಿ. ಅದು ಬೂಷ್ಟು ಅಲ್ಲ, ಬಹುಶಃ ಹೊಗೆಯ ಮಸಿ. ನಿಮ್ಮ ಅಜ್ಜ ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಕಾಲಜಿ (ಔಷಧಶಾಸ್ತ್ರ) ಪ್ರೊಫೆಸರ್ ಆಗಿದ್ದರು, ತೀರ್ಥಹಳ್ಳಿ ಮನೆಯ ಟ್ರಂಕಿನಲ್ಲಿರುವ ಕಪ್ಪು ಹಾಳೆಗಳಲ್ಲಿ ಅಲೆಯಂಥ ಬಿಳಿ ಗೆರೆಗಳಿವೆ, ಮುಟ್ಟಿದರೆ ಕೈ ಕಪ್ಪಾಗುತ್ತದೆ ಅಂದಿರಿ ಅಲ್ವಾ? ಹಾಗಿದ್ದರೆ ಅವು ಕೈಮೋಗ್ರಾಫ್ ಹಾಳೆಗಳು, ಅಂದರೆ ತಿರುಗುವ ಡ್ರಮ್ಮಿನ ಮೇಲೆ ಚಲನೆಯನ್ನು ಗೆರೆಯಾಗಿ ದಾಖಲಿಸುವ ಉಪಕರಣದ ಹಾಳೆಗಳು. ಹಿಂದೆ ಡ್ರಮ್ಮಿಗೆ ಹೊಳಪಿನ ಕಾಗದ ಸುತ್ತಿ, ಹೊಗೆಯಲ್ಲಿ ಮಸಿ ಹಿಡಿಸುತ್ತಿದ್ದರು. ಕಪ್ಪೆಯ ಹೃದಯಕ್ಕೋ ಗಿನಿಪಿಗ್ ಕರುಳಿಗೋ ಔಷಧಿ ಬಿಟ್ಟಾಗ, ಅದಕ್ಕೆ ಕಟ್ಟಿದ ಕಡ್ಡಿ ಆಡಿ ಮಸಿಯನ್ನು ಗೀರುತ್ತಿತ್ತು. ಆ ಗೆರೆಯೇ ಪ್ರಯೋಗದ ಮೂಲ ದಾಖಲೆ. ಆಮೇಲೆ ಮಸಿ ಅಳಿಯದಂತೆ ಅರಗಿನ ವಾರ್ನಿಷ್ ಹಿಡಿಸಿ ಒಣಗಿಸುತ್ತಿದ್ದರು. ಹಾಳೆ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನಿಮ್ಮವಕ್ಕೆ ಅದು ಆಗಿಲ್ಲ ಅನ್ನಿಸುತ್ತದೆ.

ದಯವಿಟ್ಟು ಒರೆಸಬೇಡಿ. ಒಮ್ಮೆ ಒರೆಸಿದರೆ ಗೆರೆ ಹೋಯಿತು, ಮತ್ತೆ ಬರುವುದಿಲ್ಲ.

ಮೊದಲು ಕಿಟಕಿಯ ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮಸಿಯಲ್ಲೇ ಗೀರಿ ಬರೆದ ಔಷಧಿ ಹೆಸರು, ಪ್ರಮಾಣ, ತಾರೀಖು ಇರಬಹುದು. ಅದನ್ನು ಹತ್ತಿರದಿಂದ ಇನ್ನೊಮ್ಮೆ ತೆಗೆಯಿರಿ. ಬಳಿಕ ಅಂಚು ಮಾತ್ರ ಹಿಡಿದು, ಒಂದೊಂದು ಹಾಳೆಯನ್ನೂ ಬೇರೆ ಬೇರೆ ಚಪ್ಪಟೆ ರಟ್ಟಿನ ಡಬ್ಬಿಯಲ್ಲಿಡಿ. ಮೇಲ್ಮೈಗೆ ಏನೂ ತಾಗಬಾರದು. ಲ್ಯಾಮಿನೇಷನ್ ಬೇಡ, ಸುಮ್ನೆ ಮನೆಯಲ್ಲೇ ವಾರ್ನಿಷ್ ಬಳಿಯುವುದೂ ಬೇಡ. ಬಿಸಿಲಿಗೆ ಒಡ್ಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಡಬ್ಬಿಯ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಮುಗ್ಗಲು ವಾಸನೆಯ ಜೊತೆ ಹಸಿರು ಮಚ್ಚೆಗಳಿದ್ದರೆ ಆ ಹಾಳೆಗೆ ಬೂಷ್ಟೂ ಹಿಡಿದಿದೆ. ಅದನ್ನು ಬೇರೆ ಇಡಿ, ಮಾಸ್ಕ್ ಹಾಕಿಕೊಳ್ಳಿ.

ಲ್ಯಾಬ್ ನೋಟ್‌ಬುಕ್ ಸಿಕ್ಕರೆ ಎಸೆಯಲೇಬೇಡಿ. ತಾರೀಖು ಹೊಂದಿಸಿದರೆ ಯಾವ ಗೆರೆ ಅಜ್ಜನ ಯಾವ ಪ್ರಬಂಧಕ್ಕೆ ಸೇರಿದ್ದು ಅಂತ ತಿಳಿಯಬಹುದು. ಟ್ರಂಕಿನಲ್ಲಿ ಚೀಟಿಯಿಲ್ಲದ ಬಾಟಲಿಗಳಿದ್ದರೆ ಮುಚ್ಚಳ ತೆಗೆಯಬೇಡಿ.