ತಲೆ ಮೇಲೆ ಟ್ಯಾಂಕ್ ಇದೆ, ಪೈಪಿನಲ್ಲಿ ಜೋರಿಲ್ಲ!

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ಶುರುವಾದ ಮೇಲೆ ಬೆಂಕಿ ಮತ್ತು ನೀರಿನ ಬಗ್ಗೆ ಪತ್ರಗಳು ಜಾಸ್ತಿ ಬರುತ್ತಿವೆ. ನಾನು ಬಹಳ ವರ್ಷ ಫೈರ್ ಇಂಜಿನ್ನಿನ ಪಂಪ್ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು, ಈಗ ನಿವೃತ್ತ. ಬಂದ ಪತ್ರಗಳಲ್ಲಿ ಆರನ್ನು ಈ ಸಲ ತೆಗೆದುಕೊಂಡಿದ್ದೇನೆ.

ನಮ್ಮದು 12 ಮಹಡಿಯ ಅಪಾರ್ಟ್‌ಮೆಂಟ್. ನಾವಿರುವುದು ಕೊನೆಯ ಮಹಡಿಯಲ್ಲಿ. ನೆತ್ತಿಯ ಮೇಲೆಯೇ ದೊಡ್ಡ ಟ್ಯಾಂಕ್ ಇದೆ, ಯಾವಾಗಲೂ ತುಂಬಿರುತ್ತದೆ. ಮೊನ್ನೆ ನಮ್ಮ ಮಹಡಿಯ ಹೈಡ್ರೆಂಟ್ (ಬೆಂಕಿ ಆರಿಸಲು ಹೋಸ್ ಜೋಡಿಸುವ ನಲ್ಲಿ) ತೆರೆಸಿ ನೋಡಿದರೆ ನೀರು ಸಣ್ಣಗೆ ಸುರಿಯಿತು, ಅಷ್ಟೆ. ಸೆಕ್ರೆಟರಿ "ಟ್ಯಾಂಕ್ ತುಂಬಿದೆ, ಹೆದರಬೇಡಿ ಆಂಟಿ" ಅಂತಾರೆ. ಹೆದರಬೇಕಾ, ಬೇಡವಾ?
– ನಿವೃತ್ತ ಶಿಕ್ಷಕಿ, ಬೆಂಗಳೂರು

ಮೇಡಂ, ಸುಮ್ನೆ ಸಮಾಧಾನ ಹೇಳಲಾರೆ. ಈಗಿರುವ ಸ್ಥಿತಿಯಲ್ಲಿ ಆ ಹೈಡ್ರೆಂಟ್‌ನಿಂದ ಬೆಂಕಿ ಆರಿಸಲು ಆಗುವುದಿಲ್ಲ.

ನೀರಿಗೆ ಒತ್ತಡ ಬರುವುದು ಎತ್ತರದಿಂದ. ಟ್ಯಾಂಕ್ ಎಷ್ಟು ದೊಡ್ಡದು ಅನ್ನುವುದಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಕೆಜಿ ಒತ್ತಡ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಕೆಜಿ ಭಾರ ಅಂತ ಅರ್ಥ, ನಮ್ಮ ಕೆಲಸದವರು ಬರೀ 'ಕೆಜಿ' ಅಂತಾರೆ. ಟ್ಯಾಂಕ್ ಸಾವಿರ ಲೀಟರಿನದಾಗಲಿ ಲಕ್ಷ ಲೀಟರಿನದಾಗಲಿ, ಲೆಕ್ಕ ಅದೇ. ನಿಮ್ಮ ಹೈಡ್ರೆಂಟ್‌ಗೂ ಟ್ಯಾಂಕಿನ ನೀರಿಗೂ ನಡುವೆ 4 ಮೀಟರ್ ಇದ್ದರೆ ಹೆಚ್ಚು. ಅಂದರೆ 0.4 ಕೆಜಿ. ಬಕೆಟ್ ತುಂಬಿಸಿಕೊಳ್ಳಲು ಸಾಕು. ಉರಿಯುವ ಕೋಣೆಯ ಬಾಗಿಲಲ್ಲಿ ನಿಂತು ಮೂಲೆಗೆ ತಲುಪುವ ಹಾಗೆ ನೀರು ಹೊಡೆಯಬೇಕೆಂದರೆ ಹೈಡ್ರೆಂಟ್ ಹತ್ತಿರ ಮೂರೂವರೆ ಕೆಜಿಯಾದರೂ ಇರಬೇಕು. ಎತ್ತರದಿಂದಲೇ ಅಷ್ಟು ಬರಬೇಕಾದರೆ ಟ್ಯಾಂಕ್ ನಿಮ್ಮ ನೆತ್ತಿಯಿಂದ 35 ಮೀಟರ್ ಮೇಲಿರಬೇಕಾಗುತ್ತದೆ. ನಿಮ್ಮ ಇಡೀ ಕಟ್ಟಡ ಇರುವುದೇ ಹೆಚ್ಚುಕಡಿಮೆ ಅಷ್ಟು. ಅದೇ ಟ್ಯಾಂಕಿನ ನೀರು ನೆಲಮಹಡಿಗೆ ಇಳಿಯುವ ಹೊತ್ತಿಗೆ ಜೋರಾಗಿರುತ್ತದೆ, ಕೆಳಗಿನವರು "ನಮ್ಮಲ್ಲಿ ಚೆನ್ನಾಗೇ ಬರುತ್ತಲ್ಲ" ಅನ್ನುತ್ತಾರೆ. ಅವರು ಹೇಳುವುದೂ ನಿಜವೇ.

ಅದಕ್ಕೇ ಪಂಪ್ ಬೇಕು. ನೆಲದಡಿಯ ಸಂಪಿನಿಂದ ನೀರೆತ್ತಿ, ಮೆಟ್ಟಿಲ ಪಕ್ಕ ಮೇಲಕ್ಕೆ ಹೋಗುವ ಕೆಂಪು ಪೈಪನ್ನು ಸದಾ ಒತ್ತಡದಲ್ಲಿ ಇಟ್ಟಿರಬೇಕು. ನಿಮ್ಮ ಕಟ್ಟಡಕ್ಕೆ ಎತ್ತರದ ಲೆಕ್ಕಕ್ಕೆ 4 ಕೆಜಿ, ಮೇಲೆ ಹೊಡೆಯಲು ಮೂರೂವರೆ, ಪೈಪಿನ ಒಳಮೈಗೆ ಉಜ್ಜಿಕೊಂಡು ಹೋಗುವಾಗ ಕಳೆದುಹೋಗುವುದಕ್ಕೆ ಇನ್ನೊಂದು ಅಂತ ಹಿಡಿದರೂ ಪಂಪಿನ ಹತ್ತಿರ ಎಂಟೂವರೆ ಕೆಜಿ ತೋರಿಸಬೇಕು. ಉಜ್ಜಾಟದ ವಿಷಯ ಹಗುರವಾಗಿ ನೋಡಬೇಡಿ. ಅದೇ ಪೈಪಿನಲ್ಲಿ ಎರಡರಷ್ಟು ನೀರು ಹರಿಸಿದರೆ ನಷ್ಟ ನಾಲ್ಕರಷ್ಟಾಗುತ್ತದೆ. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ಕಳಿಸಿದರೆ ನಷ್ಟ ಸುಮಾರು 32 ಪಟ್ಟು! ದುಡ್ಡು ಉಳಿಸಲು ಸಣ್ಣ ಪೈಪ್ ಹಾಕಿದ ಕಟ್ಟಡಗಳಲ್ಲಿ ಎಂಥ ಪಂಪ್ ಇಟ್ಟರೂ ಮೇಲಿನ ಮಹಡಿ ಸೊರಗುವುದು ಇದೇ ಕಾರಣಕ್ಕೆ.

ಒಂದು ಕಟ್ಟಡದಲ್ಲಿ ಕಂಡದ್ದು ಹೇಳುತ್ತೇನೆ. ಪಂಪ್ ರೂಮಿನ ಬೀಗದ ಕೈ ಹುಡುಕಲಿಕ್ಕೇ ಅರ್ಧ ಗಂಟೆ ಹೋಯಿತು. ಒಳಗೆ ಮೂರೂ ಪಂಪ್ ಹೊಸದರ ಹಾಗೆ ಹೊಳೆಯುತ್ತಿದ್ದವು. ಒತ್ತಡ ತೋರಿಸುವ ಗೇಜಿನ ಮುಳ್ಳು ಮಾತ್ರ ಸೊನ್ನೆಯ ಮೇಲೆ ಮಲಗಿತ್ತು. ಪ್ಯಾನೆಲ್ ಮೇಲಿನ ಸ್ವಿಚ್‌ಗಳೆಲ್ಲ 'ಆಫ್'ನಲ್ಲಿ. ಯಾಕೆ ಅಂತ ಕೇಳಿದೆ. "ರಾತ್ರಿಯೆಲ್ಲ ಸಣ್ಣ ಮೋಟಾರ್ ಸದ್ದು ಮಾಡುತ್ತೆ ಸಾರ್, ಕೆಳಗಿನ ಮನೆಯವರು ನಿದ್ದೆ ಬರಲ್ಲ ಅಂದ್ರು" ಅಂದ ಹುಡುಗ. ಆ ಸಣ್ಣ ಮೋಟಾರಿಗೆ ಜಾಕಿ ಪಂಪ್ ಅಂತಾರೆ. ಪೈಪಿನಲ್ಲಿ ಹನಿ ಹನಿ ಸೋರಿ ಒತ್ತಡ ಸ್ವಲ್ಪ ಇಳಿದಾಗ ಅದು ಓಡಿ ಸರಿಮಾಡುತ್ತದೆ. ಯಾರಾದರೂ ಹೈಡ್ರೆಂಟ್ ತೆರೆದು ಒತ್ತಡ ದಿಢೀರ್ ಕುಸಿದರೆ ಆಗ ದೊಡ್ಡ ಪಂಪ್ ತಾನಾಗಿಯೇ ಶುರುವಾಗಬೇಕು, ಕರೆಂಟ್ ಇಲ್ಲದಿದ್ದರೆ ಡೀಸೆಲ್ ಪಂಪ್. ಸಣ್ಣದು ಪದೇ ಪದೇ ಓಡುತ್ತಿದೆ ಅಂದರೆ ಎಲ್ಲೋ ಸೋರಿಕೆ ಇದೆ ಅಂತ ಅದು ಹೇಳುತ್ತಿರುತ್ತದೆ. ಆ ಕಟ್ಟಡದಲ್ಲಿ ಸೋರುವ ವಾಲ್ವ್ ಬಿಟ್ಟು ಸ್ವಿಚ್ ಆರಿಸಿಬಿಟ್ಟಿದ್ದರು. 

ಸೆಕ್ರೆಟರಿಯವರನ್ನು ಕರೆದುಕೊಂಡು ನೀವೇ ಪಂಪ್ ರೂಮಿಗೆ ಹೋಗಿ. ಸ್ವಿಚ್ 'ಆಟೋ'ದಲ್ಲಿದೆಯಾ, ಗೇಜ್ ಎಷ್ಟು ತೋರಿಸುತ್ತಿದೆ ನೋಡಿ. ಆಮೇಲೆ ಮೇಲೆ ಬಂದು ಹೋಸ್ ಜೋಡಿಸಿ, ತಾರಸಿಯ ಕಡೆ ತಿರುಗಿಸಿ, ವಾಲ್ವ್ ತೆರೆಯಿಸಿ. ಕೆಳಗೆ ಪಂಪ್ ತಾನಾಗಿ ಶುರುವಾಯಿತೇ ಅಂತ ಫೋನಿನಲ್ಲಿ ಕೇಳಿ. ಇದನ್ನು ತಿಂಗಳಿಗೊಮ್ಮೆ ಮಾಡಿಸಿ. ಹೋಸ್ ಪೆಟ್ಟಿಗೆಯೊಳಗೆ ಹಿತ್ತಾಳೆಯ ಬ್ರ್ಯಾಂಚ್ ಪೈಪ್, ಅಂದರೆ ಹೋಸಿನ ತುದಿಗೆ ಸಿಕ್ಕಿಸುವ ಕೊಳವೆ, ಇದೆಯಾ ಅಂತಲೂ ನೋಡಿ, ಹಿತ್ತಾಳೆ ಅಂತ ಕದ್ದೊಯ್ಯುತ್ತಾರೆ. ಇನ್ನು ಗೇಟಿನ ಹತ್ತಿರ ಗೋಡೆಯಲ್ಲಿ ಮುಚ್ಚಳವಿರುವ ಎರಡೋ ನಾಲ್ಕೋ ಬಾಯಿಗಳಿರುತ್ತವೆ. ನಿಮ್ಮ ಪಂಪ್ ಕೈಕೊಟ್ಟರೆ ಫೈರ್ ಇಂಜಿನ್ ಅಲ್ಲಿಂದಲೇ ನೀರನ್ನು ಮೇಲಕ್ಕೆ ತಳ್ಳಬೇಕು. ಅದರ ಮುಂದೆ ಸ್ಕೂಟರ್ ನಿಲ್ಲಿಸಲು, ಹೂಕುಂಡ ಇಡಲು ದಯವಿಟ್ಟು ಬಿಡಬೇಡಿ.

ಬಿಸಿನೀರು ಹಾಕಿದರೂ ಬೆಂಕಿ ಆರುತ್ತದಾ? ನಮ್ಮ ಕ್ಲಾಸಿನಲ್ಲಿ ಜಗಳವೇ ಆಯಿತು.
– ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಆರುತ್ತದಮ್ಮ, ಚೆನ್ನಾಗೇ ಆರುತ್ತದೆ. ಲೆಕ್ಕ ಹಾಕಿ ನೋಡು. 25 ಡಿಗ್ರಿಯ ಒಂದು ಲೀಟರ್ ನೀರು 100 ಡಿಗ್ರಿಗೆ ಬರಲು ಹೀರುವುದು 75 ಕಿಲೋಕ್ಯಾಲೊರಿ. ಆ ಕುದಿಯುವ ನೀರು ಹಬೆಯಾಗಲು ಹೀರುವುದು ಸುಮಾರು 540. ಅಂದರೆ ನೀರಿನ ನಿಜವಾದ ಶಕ್ತಿ ಇರುವುದು ಹಬೆಯಾಗುವುದರಲ್ಲಿ. ಕುದಿಯುವ ನೀರು ಹಾಕಿದರೂ ಆ 540 ನಿನ್ನ ಕೈಯಲ್ಲೇ ಇರುತ್ತದೆ. ಮೇಲಾಗಿ ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗಿ ಹಿಗ್ಗುತ್ತದೆ, ಬೆಂಕಿಯ ಸುತ್ತಲಿನ ಗಾಳಿಯನ್ನು ಆಚೆಗೆ ನೂಕುತ್ತದೆ.

ನೆಲದ ಮೇಲೆ ಹರಿದು ಚರಂಡಿ ಸೇರಿದ ನೀರು ಈ ಕೆಲಸ ಮಾಡಿರುವುದಿಲ್ಲ. ಅದಕ್ಕೇ ನಾವು ನೀರನ್ನು ತುಂತುರು ಮಾಡಿ ಹೊಡೆಯುತ್ತೇವೆ. 1 ಮಿಲಿಮೀಟರ್ ಹನಿಯನ್ನು ಅದರ ಹತ್ತನೇ ಒಂದರಷ್ಟು ಸಣ್ಣ ಹನಿಗಳಾಗಿ ಒಡೆದರೆ ಅಷ್ಟೇ ನೀರಿನ ಮೈ ಹತ್ತು ಪಟ್ಟು ಜಾಸ್ತಿಯಾಗುತ್ತದೆ, ಬೇಗ ಹಬೆಯಾಗುತ್ತದೆ. ಆದರೆ ತೀರಾ ಸಣ್ಣ ಹನಿ ದೂರ ಹೋಗುವುದಿಲ್ಲ, ದೂರಕ್ಕೆ ಗಟ್ಟಿ ಧಾರೆಯೇ ಬೇಕು. ಗೆದ್ದವರು ಯಾರು, ನೀನಾ?

ನಮ್ಮ ರಾಗಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಫೈರ್ ಇಂಜಿನ್ ಬಂತು, ಹತ್ತು ನಿಮಿಷದೊಳಗೆ ನೀರು ಖಾಲಿ. ಪಕ್ಕದಲ್ಲೇ 40 ಅಡಿ ಬಾವಿ, ನೀರಿರುವುದು 30 ಅಡಿ ಕೆಳಗೆ. ಅದರಿಂದ ಎಳೆಯಲಿಕ್ಕೆ ಆಗಲ್ಲ ಅಂದುಬಿಟ್ಟರು. ಹೇಗೋ ಆರಿಸಿದೆವು ಅಂದುಕೊಂಡರೆ ಮಾರನೇ ದಿನ ಮತ್ತೆ ಹೊತ್ತಿಕೊಂಡಿತು. ಅವರು ಸರಿಯಾಗಿ ಕೆಲಸ ಮಾಡಲಿಲ್ಲ ಅಂತ ನಮ್ಮೂರಲ್ಲಿ ಎಲ್ಲರಿಗೂ ಸಿಟ್ಟಿದೆ.
– ರೈತ, ಹಿರಿಯೂರು ತಾಲ್ಲೂಕು

ವರ್ಷದ ಮೇವು ಕಣ್ಣೆದುರೇ ಉರಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಅಂತಾರೆ, ನಿಮ್ಮಲ್ಲಿ ಬಾವಿ ತೋಡಿಯೇ ಇತ್ತು, ನೀರೂ ಇತ್ತು. ಆದರೂ ಆ ಹುಡುಗರ ತಪ್ಪಲ್ಲ ಯಜಮಾನರೇ, ಯಾಕೆ ಅಂತ ಹೇಳುತ್ತೇನೆ.

ಮೇಲಿರುವ ಪಂಪ್ ನಿಜವಾಗಿ ನೀರನ್ನು ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿಯನ್ನು ಹೊರಗೆ ಹಾಕುತ್ತದೆ. ಆಗ ಬಾವಿಯ ನೀರಿನ ಮೇಲೆ ಕೂತಿರುವ ಹೊರಗಿನ ಗಾಳಿಯ ಭಾರವೇ ನೀರನ್ನು ಪೈಪಿನಲ್ಲಿ ಮೇಲಕ್ಕೆ ಒತ್ತುತ್ತದೆ. ಗಾಳಿಗೆ ಇರುವ ತಾಕತ್ತು ಮಂಗಳೂರಿನಂಥ ಕಡಲ ತೀರದಲ್ಲಿ ಲೆಕ್ಕದ ಪ್ರಕಾರ 10.3 ಮೀಟರ್ ಎತ್ತುವಷ್ಟು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದೂ ಒಂದು ಮೀಟರ್ ಕಡಿಮೆ. ಪೈಪಿನ ಉಜ್ಜಾಟ, ಜೋಡಣೆಯಲ್ಲಿ ನುಗ್ಗುವ ಗಾಳಿ ಎಲ್ಲ ಕಳೆದರೆ ನಿಜವಾಗಿ ಸಿಗುವುದು 7 ಮೀಟರ್, ಅಂದರೆ 23 ಅಡಿ. ನಿಮ್ಮದು 30 ಅಡಿ. ಎಷ್ಟು ದೊಡ್ಡ ಇಂಜಿನ್ ತಂದಿದ್ದರೂ ಆಗುತ್ತಿರಲಿಲ್ಲ.

ಆದರೆ ನಿಮ್ಮ ಸಬ್‌ಮರ್ಸಿಬಲ್ ಮೋಟಾರ್ ನೀರಿನೊಳಗೇ ಮುಳುಗಿ ಕೆಳಗಿನಿಂದ ತಳ್ಳುತ್ತದೆ, ಅದಕ್ಕೆ ಈ ಮಿತಿ ಇಲ್ಲ. ಅದರ ಪೈಪನ್ನು ಫೈರ್ ಇಂಜಿನ್ನಿನ ಟ್ಯಾಂಕಿನ ಬಾಯಿಗೆ ಹಿಡಿದರೆ ಆಯಿತು. ಕೃಷಿಹೊಂಡವೋ ತೊಟ್ಟಿಯೋ ಇದ್ದು, ಗಾಡಿ ಅದರ ಅಂಚಿನವರೆಗೆ ಹೂತುಕೊಳ್ಳದೆ ಬರುವ ದಾರಿ ಇದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ ಗಾಡಿಯ ನೀರು ಮುಗಿಯುವುದು ಬಹಳ ಬೇಗ. ಹೋಸಿನ ತುದಿಯ 20 ಮಿಲಿಮೀಟರ್ ಬಾಯಿಯಲ್ಲಿ, ಅಂದರೆ ನಾಝಲ್‌ನಲ್ಲಿ, 5 ಕೆಜಿ ಒತ್ತಡಕ್ಕೆ ನಿಮಿಷಕ್ಕೆ ಸುಮಾರು 600 ಲೀಟರ್ ಹೋಗುತ್ತದೆ. 4,500 ಲೀಟರ್ ಟ್ಯಾಂಕ್ ಏಳೂವರೆ ನಿಮಿಷಕ್ಕೆ ಖಾಲಿ.

ಮಾರನೇ ದಿನ ಹೊತ್ತಿಕೊಂಡದ್ದಕ್ಕೆ ಕಾರಣ ನೀರಿನದೇ ಒಂದು ಗುಣ. ಕೆಸುವಿನ ಎಲೆ ಮೇಲೆ ನೀರು ಗುಂಡಗೆ ಉರುಳುವುದು ನೋಡಿದ್ದೀರಲ್ಲ, ಒಣಹುಲ್ಲಿನ ಮೇಲೂ ಹಾಗೇ. ಮೇಲ್ಮೈಯ ಬಿಗಿತದಿಂದ ನೀರು ಒಳಗೆ ಇಂಗದೆ ಹೊರಗಿನಿಂದಲೇ ಜಾರಿಹೋಗುತ್ತದೆ. ಒಳಗೆ ಕೆಂಡ ಗುಮ್ಮೆನ್ನುತ್ತ ಉಳಿದಿರುತ್ತದೆ. ಸಾಬೂನು ಆ ಬಿಗಿತ ತಗ್ಗಿಸುತ್ತದೆ. ಔಷಧಿ ಹೊಡೆಯುವ ಸ್ಪ್ರೇಯರ್‌ನಲ್ಲಿ ಸ್ವಲ್ಪ ಬಟ್ಟೆ ತೊಳೆಯುವ ಲಿಕ್ವಿಡ್ ಬೆರೆಸಿ ಹೊಡೆದರೆ ನೀರು ಹುಲ್ಲಿನೊಳಕ್ಕೆ ಇಳಿಯುತ್ತದೆ. ಆದರೂ ಬಣವೆ ಕಿತ್ತು ಹರಡಲೇಬೇಕು. ಉರಿ ಇಳಿದ ಮೇಲೆ ಜೆಸಿಬಿ ಕರೆಸಿ, ಒಂದು ಕಡೆಯಿಂದ ಎಳೆದು ಹರಡುತ್ತ, ಹರಡಿದ್ದನ್ನು ನೆನೆಸುತ್ತ ಹೋಗಿ. ಬಣವೆಯ ಮೇಲೆ ಹತ್ತಿ ನಿಲ್ಲಬೇಡಿ, ಒಳಗೆ ಸುಟ್ಟು ಟೊಳ್ಳಾಗಿರುತ್ತದೆ. ಮುಂದಿನ ಸಲ ಒಂದೇ ದೊಡ್ಡ ಬಣವೆ ಬದಲು ದೂರ ದೂರ ಎರಡು ಮೂರು ಹಾಕಿ, ಕರೆಂಟ್ ತಂತಿಯ ಕೆಳಗಂತೂ ಬೇಡವೇ ಬೇಡ.

ನಮ್ಮದು ಮಿರ್ಚಿ ಅಂಗಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ನೀರು ಹಾಕಬಾರದು ಅಂತಾರೆ. ನಿಜವಾ?
– ದಾವಣಗೆರೆ

ನಿಜ. ಒಂದು ಲೋಟವೂ ಬೇಡ. ಹೊತ್ತಿಕೊಂಡ ಎಣ್ಣೆ 200 ಡಿಗ್ರಿಯನ್ನು ಎಷ್ಟೋ ದಾಟಿರುತ್ತದೆ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಇಳಿದ ಕ್ಷಣವೇ ಹಬೆಯಾಗಿ 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಗ್ಯಾಸ್ ಆರಿಸಿ. ಬಾಣಲೆಗಿಂತ ದೊಡ್ಡ ತಟ್ಟೆಯನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚಿ. ಬಾಣಲೆ ಎತ್ತಬೇಡಿ. ಪೂರ್ತಿ ತಣ್ಣಗಾಗುವವರೆಗೆ ತೆರೆದು ನೋಡಬೇಡಿ. ಆ ತಟ್ಟೆ ಒಲೆಯ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿರಲಿ.

ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಬೀದಿ ಬೀದಿಗೂ ಹೈಡ್ರೆಂಟ್ ನೋಡಿದೆ. ನಮ್ಮ ಬೆಂಗಳೂರಿನಲ್ಲಿ ಯಾಕಿಲ್ಲ?
– ಮಲ್ಲೇಶ್ವರ

ಬೀದಿ ಹೈಡ್ರೆಂಟ್ ಕೆಲಸ ಮಾಡಬೇಕಾದರೆ ನೆಲದಡಿಯ ಪೈಪಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಒತ್ತಡದ ನೀರಿರಬೇಕು. ನಮ್ಮ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ಒಟ್ಟು 500 ಮೀಟರ್‌ನಷ್ಟು ಮೇಲಕ್ಕೆ ಎತ್ತುತ್ತಾರೆ. ಮೇಲೆ ಹೇಳಿದ ಲೆಕ್ಕದಲ್ಲಿ ಅದು 50 ಕೆಜಿ ಒತ್ತಡದ ಕೆಲಸ! ಅಷ್ಟು ಕಷ್ಟದಿಂದ ಬಂದ ನೀರನ್ನು ಬಡಾವಣೆಗಳಿಗೆ ಸರದಿಯ ಮೇಲೆ ಬಿಡುತ್ತಾರೆ. ಸರದಿ ಇಲ್ಲದ ಹೊತ್ತಿನಲ್ಲಿ ಆ ಪೈಪಿಗೆ ಫೈರ್ ಇಂಜಿನ್ ಪಂಪ್ ಜೋಡಿಸಿದರೆ ಒಳಗೆ ಗಾಳಿ ಖಾಲಿಯಾಗಿ, ಬಿರುಕುಗಳಿಂದ ಚರಂಡಿ ನೀರು ಒಳಗೆ ನುಗ್ಗಬಹುದು. ಆಮೇಲೆ ಅದನ್ನೇ ಜನ ಕುಡಿಯಬೇಕಾಗುತ್ತದೆ. ಹಾಗಾಗಿ ನಮ್ಮ ಗಾಡಿಗಳು ನೀರು ಹೊತ್ತುಕೊಂಡೇ ಓಡುತ್ತವೆ. ದಿನವಿಡೀ ನೀರು ಬರುವ ಬಡಾವಣೆಗಳಲ್ಲಿ ಹೈಡ್ರೆಂಟ್ ಹಾಕಬಹುದು, ಹಾಕಬೇಕು ಅಂತಲೇ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಕೆರೆ, ಕಲ್ಯಾಣಿ, ಅಪಾರ್ಟ್‌ಮೆಂಟ್ ಸಂಪುಗಳೇ ನಮಗೆ ದಿಕ್ಕು. ಕೆರೆಯ ಸುತ್ತ ಬೇಲಿ ಹಾಕುವಾಗ ಫೈರ್ ಇಂಜಿನ್ ಹೋಗುವಷ್ಟು ಒಂದು ಗೇಟ್ ಬಿಡಿ ಅಂತ ನಿಮ್ಮ ಬಡಾವಣೆಯವರು ಕೇಳಬಹುದು ಅಲ್ವಾ?

ನಾನು ಸೆಕ್ಯುರಿಟಿ ಕೆಲಸದವನು. ಡ್ರಿಲ್ ಮಾಡಿದಾಗ ದೊಡ್ಡ ಹೋಸ್ ಒಬ್ಬನೇ ಹಿಡಿದೆ, ನೀರು ಬಂದ ಕೂಡಲೇ ಹಿಂದಕ್ಕೆ ಬಿದ್ದೆ. ಎಲ್ಲರೂ ನಕ್ಕರು. ನನಗೆ ಶಕ್ತಿ ಸಾಲದಾ?
– ಹುಬ್ಬಳ್ಳಿ

ನಗುವ ವಿಷಯವೇ ಅಲ್ಲ ತಮ್ಮ. ನೀರು ಮುಂದಕ್ಕೆ ಚಿಮ್ಮುವಾಗ ಅಷ್ಟೇ ಬಲವಾಗಿ ನಿನ್ನನ್ನು ಹಿಂದಕ್ಕೆ ನೂಕುತ್ತದೆ. 20 ಮಿಲಿಮೀಟರ್ ನಾಝಲ್, 5 ಕೆಜಿ ಒತ್ತಡ ಅಂದರೆ 32 ಕೆಜಿಯಷ್ಟು ನೂಕು. ಜೊತೆಗೆ 63 ಮಿಲಿಮೀಟರ್ ಹೋಸ್ 15 ಮೀಟರ್ ಉದ್ದ ಇದ್ದರೆ ಅದರೊಳಗಿನ ನೀರೇ ಸುಮಾರು 47 ಕೆಜಿ. ಅದನ್ನು ಒಬ್ಬನ ಕೈಗೆ ಕೊಟ್ಟದ್ದೇ ತಪ್ಪು. ಇಬ್ಬರು ಹಿಡಿಯಬೇಕು. ಮುಂದಿನವನು ನಾಝಲ್ ಹಿಡಿದು ಒಂದು ಕಾಲು ಮುಂದೆ ಊರಿ ಮೈ ಬಗ್ಗಿಸಿರಲಿ, ಹಿಂದಿನವನು ಹೋಸನ್ನು ಕಂಕುಳಲ್ಲಿ ಅವುಚಿಕೊಂಡು ಅವನ ಬೆನ್ನಿಗೆ ಆಸರೆಯಾಗಿ ನಿಲ್ಲಲಿ. ವಾಲ್ವ್ ಹತ್ತಿರ ಮೂರನೆಯವನು. ಅವನು ನಿಧಾನವಾಗಿ ತೆರೆಯಬೇಕು, ಮುಚ್ಚುವಾಗ ಇನ್ನೂ ನಿಧಾನ. ಓಡುವ ನೀರನ್ನು ಪಟ್ಟನೆ ತಡೆದರೆ ಅದು ಸುತ್ತಿಗೆ ಬಡಿದ ಹಾಗೆ ಪೈಪಿಗೆ ಅಪ್ಪಳಿಸುತ್ತದೆ, ಜೋಡಣೆ ಕಿತ್ತುಕೊಂಡು ಬರುತ್ತದೆ.

ನೀನು ಒಬ್ಬನೇ ಇದ್ದಾಗ ಗೋಡೆಯ ಮೇಲಿನ ಕೆಂಪು ಚಕ್ರಕ್ಕೆ ಸುತ್ತಿರುವ ಸಣ್ಣ ರಬ್ಬರ್ ಪೈಪ್, ಹೋಸ್ ರೀಲ್ ಇರುತ್ತಲ್ಲ, ಅದನ್ನು ತಗೋ. ಒಬ್ಬನಿಗೆ ಅಂತಲೇ ಮಾಡಿರುವುದು ಅದು. ಮೊದಲು 112ಕ್ಕೋ 101ಕ್ಕೋ ಫೋನ್ ಮಾಡು, ಮಹಡಿಯ ಕರೆಂಟ್ ತೆಗೆಸು, ಆಮೇಲೆ ವಾಲ್ವ್ ಮುಟ್ಟು. ಹೊಗೆ ತಲೆಮಟ್ಟಕ್ಕೆ ಇಳಿದಿದ್ದರೆ ಪೈಪ್ ಬಿಟ್ಟು ಹೊರಗೆ ಬಾ.