ಮಣ್ಣು ಸುರಿದವರ ಹೆಸರಿದೆ, ಮಣ್ಣಿನವರದು ಎಲ್ಲಿ?

ನಮಸ್ಕಾರ.

ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪಿಲ್ಲ. ನಮಗೆ ಬರುವ ಬರಹಗಳಲ್ಲಿ ಇದೇ ಅಪರೂಪ. ಆದರೆ ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಅವೆರಡನ್ನೇ ಹೇಳುತ್ತೇನೆ.

ಎರಡನೇ ಪ್ಯಾರಾ ನೋಡಿ. “1967ರಲ್ಲಿ ಸರ್ಕಾರ ಅವರಿಗೆ ಮತದಾನದ ಹಕ್ಕು ನೀಡಿತು.” ಇಲ್ಲ, ನೀಡಲಿಲ್ಲ. ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು 1962ರಲ್ಲೇ ಎಲ್ಲ ಮೂಲನಿವಾಸಿಗಳಿಗೂ ಬಂದಿತ್ತು. ರಾಜ್ಯಗಳಲ್ಲಿ ಕೊನೆಗೆ ಒಪ್ಪಿದ್ದು ಕ್ವೀನ್ಸ್‌ಲ್ಯಾಂಡ್, 1965ರಲ್ಲಿ. 1967ರ ಮೇ 27ರಂದು ನಡೆದದ್ದು ಜನಮತಗಣನೆ. ದೇಶದ ಜನಸಂಖ್ಯೆಯ ಲೆಕ್ಕದಲ್ಲಿ ಇವರನ್ನು ಸೇರಿಸಬಾರದು ಎನ್ನುತ್ತಿದ್ದ 127ನೇ ವಿಧಿ ಅವತ್ತು ಸಂವಿಧಾನದಿಂದ ಹೋಯಿತು. ಇವರಿಗಾಗಿ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕೂ ಸಿಕ್ಕಿತು. ಶೇಕಡ 90ಕ್ಕೂ ಹೆಚ್ಚು ಮಂದಿ ಹೌದು ಎಂದರು. ಅಷ್ಟು ಜನ ಸುಮ್ನೆ ಹೌದು ಅಂದುಬಿಟ್ಟರಾ? ಹೋರಾಟಗಾರ್ತಿ ಫೇಯ್ತ್ ಬ್ಯಾಂಡ್ಲರ್ ಅಂಥವರು ಈ ಬದಲಾವಣೆಗಾಗಿ 1957ರಿಂದ ಸಹಿ ಸಂಗ್ರಹಿಸುತ್ತ ಓಡಾಡಿದ್ದರು. 1965ರಲ್ಲಿ ಮೂಲನಿವಾಸಿ ಹೋರಾಟಗಾರ ಚಾರ್ಲ್ಸ್ ಪರ್ಕಿನ್ಸ್ ಸಿಡ್ನಿಯ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಊರೂರು ಸುತ್ತಿ, ಮೂಲನಿವಾಸಿಗಳನ್ನು ಒಳಗೆ ಬಿಡದ ಮೋರಿ ಎಂಬ ಊರಿನ ಈಜುಕೊಳದ ಬಾಗಿಲಲ್ಲಿ ಜಗಳಕ್ಕೇ ನಿಂತರು. ನಿಮ್ಮ ಲೇಖನದಲ್ಲಿ ಇವರಾರೂ ಇಲ್ಲ.

ಇನ್ನು ಈ ಸಾಲು. “1975ರಲ್ಲಿ ಪ್ರಧಾನಿ ಗಾಫ್ ವಿಟ್ಲಮ್ ಉದಾರ ಮನಸ್ಸಿನಿಂದ ಮೂಲನಿವಾಸಿ ನಾಯಕರೊಬ್ಬರ ಕೈಗೆ ಮಣ್ಣು ಸುರಿದು ಭೂಮಿ ದಾನ ಮಾಡಿದರು.”

‘ನಾಯಕರೊಬ್ಬರು’ ಯಾರು? ವಿನ್ಸೆಂಟ್ ಲಿಂಗಿಯಾರಿ. ಗುರಿಂಜಿ ಜನರ ಹಿರಿಯ. ವೇವ್ ಹಿಲ್ ಎಂಬ ದೊಡ್ಡ ದನದ ಎಸ್ಟೇಟಿನಲ್ಲಿ ಕೆಲಸಕ್ಕಿದ್ದವರು. ಮಾಲೀಕರು ಬ್ರಿಟನ್ನಿನ ವೆಸ್ಟಿ ಕಂಪನಿ. ವಿಟ್ಲಮ್ ಹೆಸರು ಗೊತ್ತಿದ್ದ ನಿಮಗೆ ಈ ಹೆಸರು ಸಿಗಲಿಲ್ಲವಾ?

‘ಉದಾರ ಮನಸ್ಸು’ ಅಂದಿರಿ. ದನದ ಎಸ್ಟೇಟಿನ ಮೂಲನಿವಾಸಿ ಕೆಲಸಗಾರರಿಗೂ ಬಿಳಿಯರಿಗೆ ಸಮನಾದ ಕೂಲಿ ಕೊಡಬೇಕು ಅಂತ 1966ರ ಮಾರ್ಚ್‌ನಲ್ಲಿ ತೀರ್ಪಾಯಿತು, ಆದರೆ ಜಾರಿ 1968ರ ಡಿಸೆಂಬರಿಗೆ! ಅದೇ 1966ರ ಆಗಸ್ಟ್ 23ರಂದು ಲಿಂಗಿಯಾರಿ ಜತೆ ಸುಮಾರು 200 ಜನ, ಹೆಂಗಸರು ಮಕ್ಕಳ ಸಮೇತ, ಕೆಲಸ ಬಿಟ್ಟು ನಡೆದರು. ಕೂಲಿಯ ಜಗಳ ಅಂತಲೇ ಹೊರಗಿನವರು ತಿಳಿದರು. ಆಮೇಲೆ ವಾಟಿ ಕ್ರೀಕ್ ಎಂಬ ತೊರೆಯ ಹತ್ತಿರ ಬೀಡುಬಿಟ್ಟರು. 1967ರಲ್ಲಿ ಅಲ್ಲಿಂದಲೇ ಗವರ್ನರ್ ಜನರಲ್‌ಗೆ ಅರ್ಜಿ ಹೋಯಿತು: ನಮ್ಮ ನೆಲ ನಮಗೆ ವಾಪಸ್ ಕೊಡಿ. ಸಿಕ್ಕಿದ್ದು ನಿರಾಕರಣೆ. ಆದರೂ ಎದ್ದು ಹೋಗಲಿಲ್ಲ. ಮುಷ್ಕರದಿಂದ ಮಣ್ಣಿನವರೆಗೆ ಒಂಬತ್ತು ವರ್ಷ. ನಿಮ್ಮ ಲೇಖನದಲ್ಲಿ ಅದಕ್ಕೆ ಅರ್ಧ ಸಾಲೂ ಇಲ್ಲ.

‘ದಾನ’ ಅಂತೂ ಬೇಡವೇ ಬೇಡ. ಅವರದೇ ನೆಲವನ್ನು ಅವರಿಗೆ ದಾನ ಮಾಡುವುದು ಹೇಗೆ? ಅದೂ ಅವತ್ತು ಕೈಗೆ ಬಂದದ್ದು ಗುತ್ತಿಗೆ ಪತ್ರ. ಪೂರ್ತಿ ಒಡೆತನಕ್ಕೆ 1986ರವರೆಗೆ ಕಾಯಬೇಕಾಯಿತು. ಅಂದಹಾಗೆ ನೀವು ಜತೆಗೆ ಕಳಿಸಿದ, ಮಣ್ಣು ಸುರಿಯುವ ಆ ಪ್ರಸಿದ್ಧ ಫೋಟೋ ತೆಗೆದ ಮರ್ವಿನ್ ಬಿಷಪ್ ಕೂಡ ಮೂಲನಿವಾಸಿಯೇ. ಅವರ ಹೆಸರನ್ನೂ ಹಾಕಿಲ್ಲ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ತಾಲೂಕು ವರದಿಗಾರರ ಸುದ್ದಿ ತಿದ್ದುವ ಕೆಲಸ ನನ್ನದು. ಪಕ್ಕದಲ್ಲಿ ಡೆಸ್ಕಿನ ಹಿರಿಯರೊಬ್ಬರು ಎಲೆಅಡಿಕೆ ಜಗಿಯುತ್ತ ಕೂತಿರುತ್ತಿದ್ದರು. ‘ಸಚಿವರ ಭರವಸೆ: ಧರಣಿ ಅಂತ್ಯ’ ಅಂತ ಸುದ್ದಿ ಬಂದರೆ ಒಂದೇ ಪ್ರಶ್ನೆ: “ಕೂತಿದ್ದೋರು ಯಾರಪ್ಪಾ?” ಟ್ರಂಕ್ ಕಾಲ್ ಬುಕ್ ಮಾಡಿ, ಲೈನ್ ಸಿಗುವವರೆಗೆ ಕಾದು, ಬೀಡಿ ಕಟ್ಟುವ ಹೆಂಗಸರ ಹೆಸರು ಕೇಳಿ ಬರೆದುಕೊಳ್ಳಬೇಕಿತ್ತು. ತಡವಾಯಿತೆಂದು ಪ್ರೆಸ್ಸಿನವರು ಬೈಯುತ್ತಿದ್ದರು. ಬೈಗುಳ ನನಗೆ, ಹಿರಿಯರಿಗಲ್ಲ! ಆಮೇಲೆ ಆ ಹೆಂಗಸರು ಮೊದಲ ಸಾಲಿಗೆ ಬರುತ್ತಿದ್ದರು, ಸಚಿವರು ಮೂರನೆಯದಕ್ಕೆ ಇಳಿಯುತ್ತಿದ್ದರು. ಸಚಿವರ ಕಡೆಯವರು ಒಮ್ಮೆ ಫೋನ್ ಮಾಡಿ ರೇಗಿದ್ದೂ ಉಂಟು. ಹಿರಿಯರು ಜಗಿಯುವುದನ್ನು ನಿಲ್ಲಿಸಲಿಲ್ಲ.

ಮೂಲನಿವಾಸಿಗಳ ನೆಲದ ಹಕ್ಕನ್ನು ಆಸ್ಟ್ರೇಲಿಯಾದ ಹೈಕೋರ್ಟ್ 1992ರಲ್ಲಿ ಒಪ್ಪಿದ ಮಾಬೋ ತೀರ್ಪಿನ ಭಾಗದ ಬಗ್ಗೆ ನಾನೇನೂ ಹೇಳುತ್ತಿಲ್ಲ, ಸದ್ಯಕ್ಕೆ ಅದನ್ನು ಪಕ್ಕಕ್ಕಿಡಿ. 1966ರ ಆಗಸ್ಟ್‌ನಿಂದ ಶುರು ಮಾಡಿ ಮತ್ತೆ ಬರೆಯಿರಿ. ವಿಟ್ಲಮ್ ಬರಲಿ, ಬರಬೇಕಾದ ಜಾಗದಲ್ಲಿ. ಫೋಟೋದ ಅನುಮತಿ ನಾವು ನೋಡಿಕೊಳ್ಳುತ್ತೇವೆ. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ.

— ಸಂಪಾದಕ