ಅಟೆನ್ಯುಯೇಟರ್ ಪೂರ್ತಿ ಹಾಕಿದರೂ ಸಿಗ್ನಲ್ ಕೇಳಿಸುತ್ತಿದ್ದರೆ

10 ಮೆಗಾಹರ್ಟ್ಸ್ ಆಸಿಲೇಟರನ್ನು (ಸಿಗ್ನಲ್ ಹುಟ್ಟಿಸುವ ಸರ್ಕ್ಯೂಟ್) ಅಲ್ಯುಮಿನಿಯಂ ಡಬ್ಬಿಯಲ್ಲಿ ಕೂರಿಸಿದ್ದೀರಿ, ಸಿಗ್ನಲನ್ನು ತಗ್ಗಿಸುವ ಅಟೆನ್ಯುಯೇಟರ್ ಪೂರ್ತಿ ಹಾಕಿದರೂ ರಿಸೀವರಿನಲ್ಲಿ ಜೋರಾಗಿಯೇ ಕೇಳಿಸುತ್ತಿದೆ, ಇನ್ನೂ ದಪ್ಪ ಡಬ್ಬಿ ತರಬೇಕಾ ಅಂತ ಕೇಳಿದ್ದೀರಿ. ಬೇಡ. ಈ ಫ್ರೀಕ್ವೆನ್ಸಿಯಲ್ಲಿ ಕರೆಂಟು ಲೋಹದ ಮೇಲ್ಪದರದಲ್ಲೇ ಹರಿಯುತ್ತದೆ, ತಾಮ್ರದಲ್ಲಾದರೆ ಸುಮಾರು 20 ಮೈಕ್ರಾನ್, ಅಲ್ಯುಮಿನಿಯಂನಲ್ಲಿ ಸ್ವಲ್ಪ ಜಾಸ್ತಿ. ಗೋಡೆ ದಾಟಿ ಏನೂ ಬರುತ್ತಿಲ್ಲ. ಸಂದಿಯಿಂದ ಬರುತ್ತಿದೆ, ಇಲ್ಲವೇ ವೈರು ಹಿಡಿದುಕೊಂಡು ಬರುತ್ತಿದೆ.

ಮೊದಲು ಕೇಬಲ್ ಬಿಚ್ಚಿ, ಜನರೇಟರಿಗೂ (ಆಸಿಲೇಟರ್, ಅಟೆನ್ಯುಯೇಟರ್ ಇರುವ ಡಬ್ಬಿ) ರಿಸೀವರಿಗೂ ಒಂದೊಂದು 50 ಓಮ್ ಟರ್ಮಿನೇಶನ್ (ಕೇಬಲ್ ಬದಲು ಕನೆಕ್ಟರಿಗೆ ಹಾಕುವ ರೆಸಿಸ್ಟರ್) ಹಾಕಿ ಕೇಳಿ. ಆಗಲೂ ಕೇಳಿಸಿದರೆ ಅದು ಸೋರಿಕೆಯೇ. ನಾನು ಹೀಗೆ ಮಾಡಿದಾಗ ಶಿಳ್ಳೆ ಒಂಚೂರೂ ಕಮ್ಮಿ ಆಗಲಿಲ್ಲ. ಸುಮ್ನೆ ಪವರ್ ವೈರನ್ನು ಬೆರಳಲ್ಲಿ ಹಿಡಿದೆ, ರಿಸೀವರಿನ ಮೀಟರಿನ ಮುಳ್ಳು ಮೇಲೆದ್ದಿತು. ಬಿಟ್ಟೆ, ಇಳಿಯಿತು. ಆ ವೈರೇ ಆಂಟೆನಾ! ಅದಕ್ಕೂ ಮುಂಚೆ ಎರಡು ಸಂಜೆ ಮುಚ್ಚಳದ ಸುತ್ತ ತಾಮ್ರದ ಟೇಪ್ ಅಂಟಿಸುತ್ತಾ ಕೂತಿದ್ದೆ.

ಬ್ಯಾಟರಿಯನ್ನು ಡಬ್ಬಿಯೊಳಗೇ ಇಟ್ಟುಬಿಟ್ಟರೆ ಈ ತಲೆನೋವೇ ಇರಲ್ಲ. ಹೊರಗಿನಿಂದಲೇ ಪವರ್ ಬೇಕು ಅಂದರೆ ವೈರು ತನ್ನ ನಡುವಿನಿಂದಲೇ ಹಾದುಹೋಗುವ, ನಟ್ ಬಿಗಿದು ಗೋಡೆಗೇ ಕೂರಿಸುವ ಫೀಡ್‌ಥ್ರೂ ಕೆಪಾಸಿಟರ್ ಹಾಕಿ. ತೂತಿನಲ್ಲಿ ವೈರು ತೂರಿಸಿ ಒಳಗೆ ಮಾಮೂಲಿ ಕೆಪಾಸಿಟರ್ ಇಟ್ಟರೆ ಪ್ರಯೋಜನ ಕಮ್ಮಿ, ತೂತಿನ ತನಕದ ವೈರಿಗೆ ಸಿಗ್ನಲ್ ಮತ್ತೆ ಹತ್ತಿಕೊಳ್ಳುತ್ತದೆ. 1000 ಪಿಕೋಫ್ಯಾರಡ್ ಒಂದೇ ಸಾಲದು, 10 ಮೆಗಾಹರ್ಟ್ಸ್‌ನಲ್ಲಿ ಅದು ಇನ್ನೂ 16 ಓಮ್ ಇರುತ್ತದೆ. ಒಳಗೊಂದು ಚಿಕ್ಕ ಖಾನೆ ಮಾಡಿ, ಅದರ ಎರಡೂ ಗೋಡೆಗೆ ಒಂದೊಂದು ಫೀಡ್‌ಥ್ರೂ, ನಡುವೆ ಫೆರೈಟ್ ಚೋಕ್ (ಪವರ್ ಬಿಟ್ಟು ಸಿಗ್ನಲನ್ನು ತಡೆಯುವ ಸುರುಳಿ).

ಅಟೆನ್ಯುಯೇಟರ್ ವಿಷಯಕ್ಕೆ ಬಂದರೆ, 0 ಡಿಬಿಎಂ (1 ಮಿಲಿವ್ಯಾಟ್) ಸಿಗ್ನಲನ್ನು 50 ಓಮ್‌ನಲ್ಲಿ 0.1 ಮೈಕ್ರೋವೋಲ್ಟ್‌ಗೆ ಇಳಿಸಲು 127 ಡಿಬಿ (ಡೆಸಿಬೆಲ್; 20 ಡಿಬಿ ಇಳಿದರೆ ವೋಲ್ಟೇಜ್ ಹತ್ತನೇ ಒಂದು ಭಾಗ) ಬೇಕು. ಇಷ್ಟನ್ನೂ ಒಂದೇ ಖಾನೆಯೊಳಗೆ ಇಳಿಸೋಕೆ ಹೋದರೆ ಸಿಗ್ನಲ್ ರೆಸಿಸ್ಟರುಗಳನ್ನು ಬಿಟ್ಟು ಪಕ್ಕದಿಂದಲೇ ಹಾರಿ ಹೋಗುತ್ತದೆ. ಒಂದು ಮೆಟ್ಟಿಲಿಗೆ 20 ಡಿಬಿ ಸಾಕು, ಮಧ್ಯೆ ಮಧ್ಯೆ ತಗಡಿನ ಗೋಡೆ ಬೆಸೆಯಿರಿ. ಆಸಿಲೇಟರಿಗೆ ಬೇರೆಯದೇ ಡಬ್ಬಿ. ಅದು ದೊಡ್ಡ ಡಬ್ಬಿಯೊಳಗೆ ಇದ್ದರೆ ಇನ್ನೂ ಒಳ್ಳೆಯದು.

ಮುಚ್ಚಳ ಕೂರುವ ಅಂಚಿನ ಬಣ್ಣ ಉಜ್ಜಿ ತೆಗೆದಿದ್ದೀರಿ ಅಲ್ವಾ? ಸಂದಿಯ ಅಗಲಕ್ಕಿಂತ ಉದ್ದ ಮುಖ್ಯ, ಹಾಗಾಗಿ ಸ್ಕ್ರೂಗಳು ಹತ್ತಿರ ಹತ್ತಿರ ಇರಲಿ.

ಇಷ್ಟಾದ ಮೇಲೆ ಕೇಬಲ್ ಜೋಡಿಸಿ 20 ಡಿಬಿ ಮೆಟ್ಟಿಲುಗಳನ್ನು ಒಂದೊಂದಾಗಿ ಹಾಕುತ್ತಾ ಹೋಗಿ. ಪ್ರತಿ ಸಲವೂ ಪೂರ್ತಿ 20 ಇಳಿಯಬೇಕು. ಎಲ್ಲೋ ಬರೀ 5 ಇಳಿದರೆ ಇನ್ನೂ ಸೋರುತ್ತಿದೆ ಅಂತ. ಆಗ ಕೇಬಲ್ ಕಡೆ ನೋಡಿ, ಹೊರಕವಚದ ತಂತಿ ಒಂದೇ ಹೆಣಿಗೆಯ ಆರ್‌ಜಿ-58 ಇದ್ದರೆ ಎರಡು ಹೆಣಿಗೆಯ ಆರ್‌ಜಿ-223 ಹಾಕಿ.